ವೈದ್ಯೆಯ ಸರದಿ

ಆಟ ಕಟ್ಟುವ ಕೆಲಸಕ್ಕೂ ಈಗ ಕೋರ್ಸು ಬಂದಿದೆಯಂತೆ. ಓದಿಸಿ, ಕೈಗೊಂದು ಸರ್ಟಿಫಿಕೇಟು ಕೊಟ್ಟು, ‘ಬ್ಯಾಲೆನ್ಸ್ ಡಿಸೈನರ್’ ಎಂದು ಹೆಸರಿಟ್ಟು ಕಳಿಸುತ್ತಾರಂತೆ. ನನ್ನ ತಮ್ಮನ ಮಗಳು ಅಂಥದ್ದೊಂದಕ್ಕೆ ಸೇರಿದ್ದಾಳೆ. ಕಂಪ್ಯೂಟರಿನಲ್ಲಿ ಯೋಧನನ್ನೂ ರಾಕ್ಷಸನನ್ನೂ ಸಾವಿರ ಸಲ ಹೊಡೆದಾಡಿಸಿ, ಯಾರು ಎಷ್ಟು ಸಲ ಗೆದ್ದರು ಎಂದು ನೋಡುವುದನ್ನು ಮೊನ್ನೆ ಫೋನಿನಲ್ಲಿ ವರ್ಣಿಸಿದಳು. “ಸಾವಿರ ಸಲ ಬಡಿದಾಡಿದ್ರಲ್ಲ, ಯಾರಿಗರ ಬ್ಯಾಸರ ಆತೇನು?” ಎಂದು ಕೇಳಿದೆ. ಅದನ್ನು ಅಳೆಯಲು ಅವರ ಸಾಫ್ಟ್‌ವೇರಿನಲ್ಲಿ ಜಾಗ ಇಲ್ಲವಂತೆ. ಹಾಗಾದರೆ ನೀನು ಕಲಿಯುತ್ತಿರುವುದು ನಾನು ಮಾಡುತ್ತಿದ್ದ ಕೆಲಸವಲ್ಲ, ಬೇರೆ ಯಾವುದೋ ಕೆಲಸ ಎಂದೆ. ಅವಳಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ಲಗ್ನಕ್ಕೆ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಯಜಮಾನರದು ರೈಲ್ವೆ ನೌಕರಿ. ಅವರಿಗೆ ವಡೋದರಾಕ್ಕೆ ವರ್ಗವಾದಾಗ ನನ್ನ ಗಣಿತವೂ ಟ್ರಂಕಿನಲ್ಲಿ ಹೊರಟಿತು. ಗುಜರಾತಿ ಬಾರದ ಟೀಚರು ಅಲ್ಲಿ ಯಾವ ಶಾಲೆಗೂ ಬೇಕಾಗಿರಲಿಲ್ಲ. ಮಕರಪುರದಲ್ಲಿ, ಪಂಪು, ಸ್ವಿಚ್ಚು, ಟ್ರಾನ್ಸ್‌ಫಾರ್ಮರು ಮಾಡುವ ಶೆಡ್ಡುಗಳ ನಡುವೆ, ಕೇರಂ ಬೋರ್ಡು, ಹಾವು-ಏಣಿ, ಇಸ್ಪೀಟು ತಯಾರಿಸುವ ಒಂದು ಕಾರ್ಖಾನೆ ಇತ್ತು. ಲೆಕ್ಕ ಬಲ್ಲವರು ಬೇಕು ಎಂದರು, ಹೋದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ನಡುವೆ ಯಾವಾಗ ಏನು ಬಡ್ತಿ ಸಿಕ್ಕಿತು ಎಂಬುದು ನನಗೂ ನೆನಪಿಲ್ಲ, ಕೊಟ್ಟವರಿಗೂ ನೆನಪಿರಲಿಕ್ಕಿಲ್ಲ.

ಕಾರ್ಖಾನೆಯ ಶೇಠರ ಮಗ ಜಿಗ್ನೇಶಭಾಯಿ ಹೊರದೇಶದಲ್ಲಿ ಓದಿ ಬಂದವನು. ಬರುವಾಗ ಒಂದು ಪದವಿಯನ್ನೂ, ಇಪ್ಪತ್ತು ಮುಖದ ದಾಳಗಳಿದ್ದ ಒಂದು ಪೆಟ್ಟಿಗೆಯನ್ನೂ ತಂದ. ಪದವಿಯಿಂದ ಯಾರಿಗಾದರೂ ಉಪಯೋಗವಾದದ್ದು ನಾನು ಕಾಣೆ. ಪೆಟ್ಟಿಗೆಯಿಂದ ಮಾತ್ರ ನಮ್ಮ ಕೆಲಸ ಹುಟ್ಟಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಇಂಥ ಆಟ ನಮ್ಮಲ್ಲೂ ಬರಬೇಕು, ಗುಜರಾತಿಯಲ್ಲೇ ಬರಬೇಕು ಎಂದು ಅವನ ಹಟ.

ಆಟ ಹೀಗೆ. ಟೇಬಲ್ಲಿನ ಸುತ್ತ ನಾಲ್ಕೈದು ಜನ ಕೂಡುತ್ತಾರೆ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ವ್ಯಾಪಾರಿ, ವೈದ್ಯೆ. ‘ಗುಹೆಯ ಬಾಗಿಲಲ್ಲಿ ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀರಿ?’ ಎಂದು ಕಥೆಗಾರ ಕೇಳಿದರೆ, ಅವರವರ ಸರದಿ ಬಂದಾಗ ಹೇಳಬೇಕು, ದಾಳ ಉರುಳಿಸಬೇಕು. ಯಾವ ಪಾತ್ರಕ್ಕೆ ಏನೇನು ಶಕ್ತಿ, ಎಷ್ಟೆಷ್ಟು ಎಂದು ನಿಯಮದ ಪುಸ್ತಕದಲ್ಲಿ ಬರೆದಿರುತ್ತದೆ. ಆ ಶಕ್ತಿಗಳನ್ನು ತೂಗಿ ನೋಡುವುದು ನನ್ನ ಕೆಲಸ. ಒಬ್ಬನೇ ಮೆರೆದು ಉಳಿದವರು ನೊಣ ಹೊಡೆಯುತ್ತ ಕೂಡುವ ಹಾಗೆ ಆಗಬಾರದು, ಅಷ್ಟೇ. ಕೇಳಲಿಕ್ಕೆ ಸಸಾರ ಅನಿಸುತ್ತದೆ.

ಪುಸ್ತಕ ಬರೆದವನು ರವಿ, ಮಂಡ್ಯದ ಕಡೆಯ ಹುಡುಗ. ಊರೊಳಗಿನ ಫತೇಗಂಜಿನಲ್ಲಿ ಇನ್ನಿಬ್ಬರ ಜೊತೆ ಫ್ಲಾಟು ಬಾಡಿಗೆಗೆ ಹಿಡಿದಿದ್ದ. ಚಿತ್ರ ಬರೆಯುತ್ತಿದ್ದ, ಕಥೆ ಕಟ್ಟುತ್ತಿದ್ದ, ಲೆಕ್ಕ ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ. “ಮೇಡಂ, ನಾವು ಮಾಡ್ತಿರೋದು ಬರೀ ಆಟ ಅಲ್ಲ ಕಣ್ರೀ, ಒಂದು ಪ್ರಪಂಚ,” ಎನ್ನುತ್ತಿದ್ದ.

“ಪ್ರಪಂಚ ಆಮ್ಯಾಲ ಕಟ್ಟೀಯಂತ. ಮೊದಲ ಈ ಕೋಷ್ಟಕದ ಕೂಡಿಸೋದು ತಪ್ಪ್ಯದ ನೋಡು,” ಎಂದು ನಾನು ಹಾಳೆ ತಿರುಗಿಸಿ ಕೊಡುತ್ತಿದ್ದೆ.

ಜಿಗ್ನೇಶನಿಗೆ ತೂಕದ ವಿಷಯದಲ್ಲಿ ಒಂದೇ ಮಂತ್ರ: “ಬಧುಂ ಸರಖುಂ ಕರೋ,” ಎಲ್ಲವನ್ನೂ ಸರಖುಂ ಮಾಡಿ. ಗುಜರಾತಿಯಲ್ಲಿ ‘ಸರಖುಂ’ ಅಂದರೆ ಸಮ ಎಂದೂ ಹೌದು, ಸರಿಯಾಗಿ ಎಂದೂ ಹೌದು. ಮಕ್ಕಳಿಗೆ ಸರಿಯಾಗಿ ಕೂಡು ಎನ್ನಬೇಕಾದರೂ ಸರಖುಂ, ಪಾಲು ಸಮ ಮಾಡು ಎನ್ನಬೇಕಾದರೂ ಸರಖುಂ. ನಮ್ಮ ‘ಸರಿ’ಯೂ ಹೆಚ್ಚುಕಡಿಮೆ ಇದೇ ಜಾತಿಯದು, ಸರಿಪಾಲು ಎನ್ನುವುದಿಲ್ಲವೇ? ಆದರೆ ನಮಗೆ ಎಲ್ಲಿ ಯಾವ ಅರ್ಥ ಎಂದು ತಿಳಿಯುತ್ತದೆ. ಜಿಗ್ನೇಶನ ತಲೆಯಲ್ಲಿ ಎರಡೂ ಅರ್ಥ ಕಲೆತು ಗಂಟಾಗಿತ್ತು. ಎಲ್ಲ ಪಾತ್ರಗಳ ಅಂಕ ಕೂಡಿಸಿದಾಗ ಮೊತ್ತ ಒಂದೇ ಬಂದರೆ ಆಟ ಸರಿಯಾಯಿತು ಎಂದು ಅವನ ನಂಬಿಕೆ. ಆನೆಗೂ ನಾಯಿಗೂ ಒಂದೇ ತೂಕದ ಹುಲ್ಲು ಹಾಕಿ, ನಾಯಿ ಯಾಕೆ ತಿನ್ನುತ್ತಿಲ್ಲ ಎಂದು ಕೇಳುವ ಬುದ್ಧಿ ಅದು. ಆಫೀಸಿನಲ್ಲಿದ್ದ ಒಂದೇ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಕೋಷ್ಟಕ ಮಾಡಿ, ಕೆಳಗಿನ ಸಾಲಿನಲ್ಲಿ ಒಂದೇ ಸಂಖ್ಯೆ ಬಂದದ್ದನ್ನು ನನಗೆ ಕರೆದು ತೋರಿಸುತ್ತಿದ್ದ.

ಮೊದಮೊದಲು ನಾವು ಆಫೀಸಿನಲ್ಲೇ ಆಡಿ ನೋಡುತ್ತಿದ್ದೆವು. ಪ್ಯಾಕಿಂಗಿನವರನ್ನು, ಅಕೌಂಟ್ಸಿನವರನ್ನು ಕೂಡಿಸಿ ಆಡಿಸುವುದು, ಜಿಗ್ನೇಶ ಹಿಂದೆ ಕೈಕಟ್ಟಿ ನಿಲ್ಲುವುದು. ಆಟ ಹೇಗಿದೆ ಎಂದರೆ ಎಲ್ಲರೂ ಭಾಳ ಚಂದ ಎನ್ನುತ್ತಿದ್ದರು. ಶೇಠರ ಮಗ ಬೆನ್ನಹಿಂದೆ ನಿಂತಾಗ ಯಾರು ಚಂದ ಇಲ್ಲ ಅಂದಾರು? ಹಾಗೆ ಒಂದು ವರ್ಷ ವ್ಯರ್ಥ ಮಾಡಿದೆವು. ಕೊನೆಗೆ ಜಗಳ ಮಾಡಿಯೇ ನಾನು ಆಟವನ್ನು ಆಫೀಸಿನಿಂದ ಹೊರಗೆ ಒಯ್ದೆ. ಈ ಕೆಲಸದಲ್ಲಿ ನನ್ನ ಕಾಲದಲ್ಲಿ ಆದ ಬದಲಾವಣೆ ಅಂದರೆ ಅದೊಂದೇ. ಉಳಿದದ್ದೆಲ್ಲ ಬಣ್ಣ.

ಮೊದಲು ಹೋದದ್ದು ಫತೇಗಂಜಿಗೆ. ರವಿಗೆ ಗುರುತಿದ್ದ ಹಾಸ್ಟೆಲ್ ಹುಡುಗರು ಒಂದು ಸಣ್ಣ ಖಾನಾವಳಿಯಲ್ಲಿ ಸಂಜೆ ಕೂಡುತ್ತಿದ್ದರು. ರವಿ ತಿಂಗಳುಗಟ್ಟಲೆ ಕೂತು ಒಂದು ಚಕ್ರವ್ಯೂಹ ಬರೆದಿದ್ದ: ಏಳು ಕೋಟೆ, ಕಂದಕ, ವಿಷದ ಹುತ್ತ, ಏನೇನೋ. ಮಾಂತ್ರಿಕನಿಗೆ ಹಾರುವ ಮಂತ್ರ ಕೊಟ್ಟಿದ್ದ. ಹುಡುಗರು ಪುಸ್ತಕ ತಿರುವಿ ಹಾಕಿದರು. ಕಳ್ಳನ ಚೀಲದಲ್ಲಿದ್ದ ಹಗ್ಗ ತೆಗೆದು ಎಲ್ಲರನ್ನೂ ಮಾಂತ್ರಿಕನ ಸೊಂಟಕ್ಕೆ ಕಟ್ಟಿದರು. ಮಾಂತ್ರಿಕ ಹಾರಿದ. ಏಳೂ ಕೋಟೆಗಳ ಮೇಲಿಂದ ಹೋಗಿ ರಾಜಕುಮಾರಿಯ ಮಾಳಿಗೆಯ ಮೇಲೆ ಇಳಿದರು. ಆರ್ಡರು ಮಾಡಿದ ಆಮ್ಲೆಟ್ ಇನ್ನೂ ಬಂದಿರಲಿಲ್ಲ.

“ಮೇಡಂ, ರಾತ್ರಿ ಹಗಲು ಕೂತ್ಕಂಡು ಬರ್ದಿದ್ದೆ. ಒಂದ್ ಕೋಟೆನಾದ್ರೂ ನೋಡ್ಬಾರ್ದಿತ್ತಾ ಇವ್ರು?” ಎಂದು ರವಿ ಗೋಳಾಡಿದ.

ಜಿಗ್ನೇಶನಿಗೆ ಹೇಳಿದಾಗ ಅವನು ಕೋಷ್ಟಕ ತೆರೆದು ಮಾಂತ್ರಿಕನ ಬಲವನ್ನು ಎರಡು ಅಂಕ ಇಳಿಸಿದ. ಬಲ ಇಳಿದ ಮಾಂತ್ರಿಕ ಹಾರುವುದನ್ನು ಬಿಡುತ್ತಾನೆಯೇ? ಮುಂದಿನ ವಾರವೂ ಹುಡುಗರು ಹಾರಿದರು. ನಾನು ಅಂಕಗಳ ಗೊಡವೆಗೆ ಹೋಗಲಿಲ್ಲ. ‘ಹಾರಬಲ್ಲ’ ಎಂದಿದ್ದಲ್ಲಿ ‘ತಾನೊಬ್ಬನೇ ಹಾರಬಲ್ಲ’ ಎಂದು ಸೇರಿಸಿದೆ. ಹುಡುಗರು ಬೈದುಕೊಂಡು ಕಂದಕಕ್ಕೆ ಇಳಿದರು. ಶಕ್ತಿ ಇರುವುದು ಅಂಕದಲ್ಲಿ ಅಲ್ಲ, ವಾಕ್ಯದಲ್ಲಿ ಎಂದು ನನಗೆ ಅಲ್ಲಿ ತಿಳಿಯಿತು. ಜಿಗ್ನೇಶನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಸುರತ್ತಿನ ಪ್ರಸಂಗ ನೆನೆದರೆ ಈಗಲೂ ಸಿಟ್ಟೂ ನಗೆಯೂ ಒಟ್ಟಿಗೇ ಬರುತ್ತವೆ. ಅಲ್ಲಿ ಸೀರೆ ಮಾರ್ಕೆಟ್ಟಿನ ನಾಲ್ಕು ಜನ ವ್ಯಾಪಾರಿಗಳು ಪ್ರತಿ ವಾರ ಆಡುತ್ತಿದ್ದರು. ನಮ್ಮ ಐದು ಪಾತ್ರಗಳಲ್ಲಿ ವ್ಯಾಪಾರಿ ಬಡಪಾಯಿ. ಕತ್ತಿ ಇಲ್ಲ, ಮಂತ್ರ ಇಲ್ಲ. ಹೋಗಲಿ ಪಾಪ ಎಂದು ಅವನಿಗೆ ಚೌಕಾಶಿ ಮಾಡುವ ಶಕ್ತಿ ಕೊಟ್ಟಿದ್ದೆವು: ದಾಳ ಉರುಳಿಸಿ ಗೆದ್ದರೆ ಹೇಳಿದ ದರ ಇಳಿಸಬಹುದು. ಹಗ್ಗ, ದೀಪ, ಕುದುರೆ ಅಗ್ಗಕ್ಕೆ ಸಿಗಲಿ ಎಂಬುದು ನಮ್ಮ ಲೆಕ್ಕ. ನಾನು ಹೋಗಿ ಕೂತ ದಿನ ರಾಕ್ಷಸ ಬಂದ. ಆರು ಪೆಟ್ಟು ಹಾಕುತ್ತೇನೆ ಎಂದ. ಇನ್ನು ಮುಂದೆ ಅವರ ಗುಜರಾತಿಯನ್ನು ನನ್ನ ಮನೆಯ ಕನ್ನಡದಲ್ಲೇ ಬರೆಯುತ್ತೇನೆ, ನನಗೆ ಹಾಗೇ ನೆನಪಿರುವುದು.

“ಆರು ಭಾಳ ಆತು. ಎರಡಕ್ಕ ಮಾಡು,” ಎಂದ ವ್ಯಾಪಾರಿಯ ಪಾತ್ರದವನು.

ಕಥೆ ಹೇಳುತ್ತಿದ್ದವನೂ ಸೀರೆ ಅಂಗಡಿಯವನೇ. ಅವನಿಗೆ ರಕ್ತದಲ್ಲಿ ಬಂದ ವಿದ್ಯೆ ತಡೆಯಲಿಲ್ಲ. “ಎರಡಕ್ಕ ಗಿಟ್ಟೂದುಲ್ಲ. ನನಗ ಅಸಲs ಐದು ಬಿದ್ದದ,” ಎಂದ ರಾಕ್ಷಸನಾಗಿ.

“ನಾವೇನು ಇವತ್ತೊಂದ ದಿನದ ಗಿರಾಕಿ ಏನು? ದಿನಾ ಇದ ದಾರಿಗೆ ಬರೋರು.”

“ಆತು, ಮೂರು. ಕಡೀ ಮಾತು.”

ಇಬ್ಬರೂ ಕೈ ಕುಲುಕಿದರು. ಆಮೇಲೆ ರಾಕ್ಷಸ ಅವರಿಗೆ ಚಹಾ ತರಿಸಿದ. ಯೋಧನ ಪಾತ್ರದವನು ಕತ್ತಿ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ವ್ಯಾಪಾರಿ ಬಡಪಾಯಿ ಅಂದುಕೊಂಡವರು ನಾವು, ವ್ಯಾಪಾರವನ್ನೇ ಕಾಣದ ನೌಕರಿಯ ಮಂದಿ. ‘ಅಂಗಡಿಯಲ್ಲಿ ಮಾತ್ರ’ ಎಂದು ಎರಡು ಶಬ್ದ ಸೇರಿಸಿ ಮುಂದಿನ ವಾರ ಕಳಿಸಿದೆ. ಅವರು ಗುಹೆಯ ಬಾಗಿಲಲ್ಲೇ ಅಂಗಡಿ ಹಾಕಿ ರಾಕ್ಷಸನನ್ನು ಒಳಗೆ ಕರೆದರಂತೆ. ಆ ಊರಿನವರಿಗೆ ನಿಯಮ ಬರೆಯುವುದೂ ಒಂದೇ, ನೀರಿನಲ್ಲಿ ಹೋಮ ಮಾಡುವುದೂ ಒಂದೇ. ಜಿಗ್ನೇಶ ಮಾತ್ರ ಖುಷಿಯಾಗಿ ಚೌಕಾಶಿಗೆ ಇನ್ನೆರಡು ಅಂಕ ಏರಿಸೋಣ ಎಂದ. ನಾನು ಕೇಳಿಸದವಳಂತೆ ಇದ್ದೆ.

ಇವೆಲ್ಲ ನಗಲಿಕ್ಕೆ ಆಯಿತು. ನನಗೆ ಈ ಕೆಲಸ ಏನೆಂದು ನಿಜವಾಗಿ ತಿಳಿದದ್ದು ಮಣಿನಗರದಲ್ಲಿ.

ಮಣಿನಗರ ವಡೋದರಾದಿಂದ ಗಾಡಿಯಲ್ಲಿ ಎರಡು ತಾಸಿನ ದಾರಿ. ಅಲ್ಲಿ ಸ್ಟೇಷನ್ನಿನ ಹತ್ತಿರ ನನ್ನ ಯಜಮಾನರ ಸಹೋದ್ಯೋಗಿಯೊಬ್ಬರ ಮನೆ. ಗಾಡಿ ಬಂದಾಗಲೆಲ್ಲ ಒಳಗಿನ ಪಾತ್ರೆ ಅಲ್ಲಾಡುವಷ್ಟು ಹತ್ತಿರ. ಭಾನುವಾರ ಮಧ್ಯಾಹ್ನ ಅಲ್ಲಿ ಆಟ ಇಟ್ಟಿದ್ದೆವು. ಕಥೆ ಹೇಳಲು ರವಿಯೇ ನನ್ನ ಜೊತೆ ಬರುತ್ತಿದ್ದ. ಮನೆಯ ಯಜಮಾನ ಮಾಂತ್ರಿಕ, ಬಾಯಿ ಕಡಿಮೆ. ಅವನ ತಮ್ಮ ಹಿತೇಶ ಯೋಧ. ಬಾಯಿ ಇಬ್ಬರದೂ ಸೇರಿ ಇವನಿಗೇ ಬಂದಿತ್ತು. ಹಿತೇಶನ ಗೆಳೆಯನೊಬ್ಬ ಕಳ್ಳ. ವೈದ್ಯೆ ಮನೆಯ ಸೊಸೆ, ಮಾಂತ್ರಿಕನ ಹೆಂಡತಿ ಜಾಗೃತಿ. ಅವಳು ಅದನ್ನು ಆರಿಸಿಕೊಂಡಿರಲಿಲ್ಲ. ಪಾತ್ರ ಹಂಚುವಾಗ ಹಿತೇಶ “ಭಾಭಿ, ನೀವು ವೈದ್ಯೆ ಆಗ್ರಿ” ಎಂದು ಚೀಟಿಯನ್ನು ಅತ್ತಿಗೆಯ ಕಡೆ ತಳ್ಳಿದ್ದ. ನಾನು ಹೋದ ಎಷ್ಟೋ ಮನೆಗಳಲ್ಲಿ ಹೀಗೇ. ಯಾರಿಗೂ ಬೇಡವಾದ ಚೀಟಿ ತಿರುಗಿ ತಿರುಗಿ ಒಬ್ಬ ಹೆಣ್ಣುಮಗಳ ಮುಂದೆ ಬಂದು ನಿಲ್ಲುತ್ತಿತ್ತು.

ಸೋಲು-ಗೆಲುವಿನ ಲೆಕ್ಕ ನೋಡಿದರೆ ವೈದ್ಯೆಯಂಥ ಬಲಶಾಲಿ ಇನ್ನೊಬ್ಬಳಿರಲಿಲ್ಲ. ಅವಳಿದ್ದ ತಂಡ ಗೆಲ್ಲುತ್ತಿತ್ತು, ಅವಳಿಲ್ಲದ ತಂಡ ಸಾಯುತ್ತಿತ್ತು. ಜಿಗ್ನೇಶ ಇದನ್ನು ನೋಡಿ, ವೈದ್ಯೆ ಅತಿಯಾದಳು, ಸರಖುಂ ಮಾಡಬೇಕು, ಮದ್ದಿನ ಬಲ ಅರ್ಧ ಕತ್ತರಿಸಿ ಎಂದಿದ್ದ. ಅತಿಯಾದ ಪಾತ್ರವನ್ನು ಆಡಲು ಜನ ಯಾಕೆ ಮುಖ ಸಿಂಡರಿಸುತ್ತಾರೆ ಎಂದು ಅವನು ಕೇಳಿಕೊಳ್ಳಲಿಲ್ಲ. ನಾನು ಕೇಳಿಕೊಂಡೆ. ಆ ಭಾನುವಾರ ದಾಳದ ಕಡೆ ನೋಡದೆ ಜಾಗೃತಿಯ ಕಡೆಯೇ ನೋಡುತ್ತ ಕೂತೆ.

ಹಿತೇಶ ಹಿಂದುಮುಂದು ನೋಡದೆ ರಾಕ್ಷಸನ ಮೇಲೆ ಬೀಳುತ್ತಿದ್ದ. ಪೆಟ್ಟು ತಿನ್ನುತ್ತಿದ್ದ. “ಭಾಭಿ, ದವಾ!” ಎಂದು ಮದ್ದು ಕೇಳುತ್ತಿದ್ದ. ನಮ್ಮ ಪುಸ್ತಕದಲ್ಲಿ ರವಿ ಬರೆದ ವಾಕ್ಯ ಹೀಗಿತ್ತು: ‘ಗಾಯಗೊಂಡವರು ವೈದ್ಯೆಯ ಸರದಿಯಲ್ಲಿ ಮದ್ದು ಪಡೆಯಬಹುದು.’ ಪಡೆಯುವವರು ಅವರು, ಸರದಿ ಅವಳದು. ಹಿತೇಶ ತಾನೇ ಕೈ ಚಾಚಿ ಅವಳ ದಾಳ ತೆಗೆದು ಉರುಳಿಸಿ, ತನ್ನ ಗಾಯ ಅಳಿಸಿ ಬರೆದುಕೊಳ್ಳುತ್ತಿದ್ದ. ನಡುವೆ ಫೋನು ಬಂತೆಂದು ಕಳ್ಳ ಎದ್ದುಹೋದ. ಆಟ ನಿಂತಿತು, ಎಲ್ಲರೂ ಕಾದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆ ಚಹಾ ಎಂದು ಕರೆದರು, ಜಾಗೃತಿ ಎದ್ದುಹೋದಳು. ಆಟ ನಿಲ್ಲಲಿಲ್ಲ. ಅವಳ ಸರದಿ ಬಂತು, ಹೋಯಿತು, ಮತ್ತೆ ಬಂತು. ಅವಳಿಲ್ಲದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ನಾನು ಅಡುಗೆಮನೆಗೆ ಹೋದೆ. ನನಗೆ ಆಗ ಗುಜರಾತಿ ತಕ್ಕಮಟ್ಟಿಗೆ ಬರುತ್ತಿತ್ತು. “ನಿಮಗ ಈ ಆಟ ಸೇರ್ತದೇನು?” ಎಂದು ಕೇಳಿದೆ.

“ಭಾಳ ಸೇರ್ತದ್ರಿ ಬೆನ್,” ಎಂದಳು ಹಾಲು ಸುರಿಯುತ್ತ. “ಇನ್ನೂ ಆಡಿಲ್ಲ.”

ಚಾಡಿ ಹೇಳುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗುಹೆಯ ಒಳಗೆ ಏನಿದೆ ಎಂದು ತಾನೂ ಒಮ್ಮೆ ಕೇಳಬೇಕೆಂದು ಆಸೆಯಂತೆ. ಆದರೆ ಕೇಳಬೇಕೆಂದಾಗಲೆಲ್ಲ ಯಾರಿಗೋ ಗಾಯವಾಗಿರುತ್ತದಂತೆ. ವಾರವೆಲ್ಲ ಈ ಭಾನುವಾರದ ದಾರಿ ಕಾಯುತ್ತೇನೆ, ಕೂತುಕೊಳ್ಳುವುದು ಇದೊಂದೇ ಹೊತ್ತು ಎಂದಳು. ಅಂಕಗಳನ್ನು ತಿದ್ದುತ್ತ ಇಷ್ಟು ವರ್ಷ ಕೂತ ನಾವು, ಒಬ್ಬಳ ಸರದಿಯನ್ನೇ ಉಳಿದವರಿಗೆ ಹಂಚಿಬಿಟ್ಟು, ಮೇಲಿನಿಂದ ಅವಳು ಬಲಶಾಲಿ ಎಂದು ದೂರುತ್ತಿದ್ದೆವು.

ಸೋಮವಾರ ಆಫೀಸಿಗೆ ಹೋದರೆ ಜಿಗ್ನೇಶ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. ಹಿತೇಶನಿಗೆ ಫೋನ್ ಮಾಡಿ ಅಭಿಪ್ರಾಯ ಕೇಳಿದ್ದನಂತೆ. ಹಿತೇಶ ಹೇಳಿದ್ದು: ವೈದ್ಯೆ ಎಂಬ ಪಾತ್ರವೇ ಯಾಕೆ, ಯೋಧನ ಜೇಬಿಗೆ ಒಂದು ಮದ್ದಿನ ಬಾಟಲಿ ಕೊಟ್ಟರೆ ಸಾಕಲ್ಲ, ಆ ಜಾಗಕ್ಕೆ ಇನ್ನೊಬ್ಬ ಗೆಳೆಯನನ್ನು ಕೂಡಿಸಬಹುದು. ಜಿಗ್ನೇಶನಿಗೆ ಇದು ಅದ್ಭುತ ಅನಿಸಿತು. “ಪಾತ್ರ ನಾಕು, ಬಾಟಲಿ ಒಂದು. ಸರಖುಂ!” ಎಂದ. ಹೊಸೆಯುವ ಹಗ್ಗ ನಮ್ಮದು, ಕಟ್ಟಿಸಿಕೊಳ್ಳುವ ಕುತ್ತಿಗೆ ಜಾಗೃತಿಯದು. ಬಾಟಲಿ ಬಂತೆಂದರೆ ಮಣಿನಗರದ ಆ ಟೇಬಲ್ಲಿನಲ್ಲಿ ಅವಳಿಗೆ ಕುರ್ಚಿ ಇಲ್ಲ. ಚಹಾ ತಂದಿಟ್ಟು ಒಳಗೆ ಹೋಗಬೇಕು.

ನಾನು ಒಂದು ಭಾನುವಾರದ ಅವಕಾಶ ಕೇಳಿದೆ. ವಾಕ್ಯವೊಂದನ್ನು ತಿದ್ದಿ ನೋಡುತ್ತೇನೆ, ನೀವೇ ಬಂದು ನೋಡಿ, ಆಮೇಲೆ ಬಾಟಲಿಯೋ ಬಕೆಟ್ಟೋ ಏನಾದರೂ ಮಾಡಿ ಎಂದೆ. ಒಪ್ಪಿದ. ಹೊಸ ವಾಕ್ಯ ಬರೆದು ರವಿಗೆ ತೋರಿಸಿದೆ: ‘ವೈದ್ಯೆಯ ಸರದಿ ವೈದ್ಯೆಯದು. ಮದ್ದು ಕೊಡುವುದೂ ಬಿಡುವುದೂ ಅವಳ ಇಷ್ಟ.’

“ಮೇಡಂ, ಕೊಡಾಕಿಲ್ಲ ಅಂದ್ಬುಟ್ರೆ ಯೋಧ ಸತ್ತೋಯ್ತಾನೆ,” ಎಂದ ರವಿ.

“ಸಾಯಲಿ ಬಿಡು. ಮುಂದಿನ ಸಲ ಕೇಳಿ ಒಳಗ ಹೋಗ್ತಾನ.”

“ಮನೇಲಿ ಜಗಳ ಆದ್ರೆ?”

“ಆಟದಾಗರ ಆಗಲಿ ಒಮ್ಮೆ,” ಎಂದೆ.

ಭಾನುವಾರ ಜಿಗ್ನೇಶ ಕಾರು ತೆಗೆದುಕೊಂಡೇ ಬಂದ. ನಾನು ಹೊಸ ವಾಕ್ಯವನ್ನು ಎಲ್ಲರಿಗೂ ಓದಿ ಹೇಳಿದೆ. ಹಿತೇಶ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಜಾತಿಯವರು ನಿಯಮ ಕೇಳುವುದು ತಮ್ಮ ಸರದಿಯದ್ದನ್ನು ಮಾತ್ರ. ಎಂದಿನಂತೆ ರಾಕ್ಷಸನ ಮೇಲೆ ಬಿದ್ದ, ಹೊಡೆದ, ಹೊಡೆಸಿಕೊಂಡ. ರಾಕ್ಷಸನಿಗೂ ಬಲವಾದ ಏಟು ಬಿದ್ದಿತ್ತು. “ಭಾಭಿ, ದವಾ!” ಎಂದು ಕೈ ಚಾಚಿದ. ಜಾಗೃತಿ ತನ್ನ ದಾಳದ ಮೇಲೆ ಅಂಗೈ ಮುಚ್ಚಿದಳು.

“ನಾ,” ಎಂದಳು. ಗುಜರಾತಿಯಲ್ಲಿ ಇಲ್ಲ ಎನ್ನಲು ಅಷ್ಟು ಸಾಕು.

“ಅಂದ್ರ?”

“ಈಗ ನನ್ನ ದಾವ.” ದಾವ ಅಂದರೆ ಅವರಲ್ಲಿ ಆಟದ ಸರದಿ, ಧಾರವಾಡದ ಹುಡುಗರೂ ಡಾವ ಎಂದೇ ಅನ್ನುತ್ತಾರೆ. ಆಮೇಲೆ ರವಿಯ ಕಡೆ ತಿರುಗಿ ಕೇಳಿದಳು: “ರಾಕ್ಷಸಗೂ ಗಾಯ ಆಗೇದಲ್ಲ? ಮದ್ದು ಅವಗ ಕೊಡಬಹುದೇನು?”

ರವಿ ಪುಸ್ತಕ ನೋಡಿದ. ನನ್ನ ಮುಖ ನೋಡಿದ. ನಮ್ಮವರಿಗೆ ಮಾತ್ರ ಮದ್ದು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯಬೇಕು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಅವಳು ಅಂಥದ್ದೊಂದು ಕೇಳಬಹುದು ಎಂದು ನಾವು ಯೋಚಿಸಿಯೇ ಇರಲಿಲ್ಲ. “ಕೊಡಬಹುದು,” ಎಂದ.

“ಭಾಭಿ, ಸರಖುಂ ರಮೋ!” ಎಂದು ಹಿತೇಶ ಕೂಗಿದ. ಸರಿಯಾಗಿ ಆಡಿ ಎಂದು ಅರ್ಥ. ಅವನ ಸರಿಯೂ ಜಿಗ್ನೇಶನ ಸರಿಯೂ ಒಂದೇ ಅಚ್ಚಿನವು ಎಂದು ನನಗೆ ಆ ಕ್ಷಣ ಕಂಡಿತು. ಜಾಗೃತಿ ದಾಳ ಉರುಳಿಸಿದಳು. ಬೇಕಾದ ಅಂಕವೇ ಬಿತ್ತು. ರಾಕ್ಷಸನ ಗಾಯ ಮಾಯಿತು. ಎದ್ದು ಕೂತ ರಾಕ್ಷಸನನ್ನು ಅವಳು ಕೇಳಿದಳು: “ಒಳಗ ಏನದ, ಹೇಳು.”

ರವಿ ಒಳ್ಳೆಯ ಕಥೆಗಾರ, ಅದನ್ನು ನಾನು ಎಂದೂ ಇಲ್ಲ ಎಂದಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಅಲ್ಲೇ ಕಟ್ಟಿದ. ರಾಕ್ಷಸನಿಗೆ ಇಷ್ಟು ವರ್ಷ ಕತ್ತಿ ತೋರಿಸಿದವರು ಇದ್ದರು, ಪ್ರಶ್ನೆ ಕೇಳಿದವರು ಇರಲಿಲ್ಲವಂತೆ. ಒಳಗೆ ಬತ್ತಿದ ಒಂದು ವಾವ್, ಮೆಟ್ಟಿಲುಬಾವಿ. ಅದರ ತಳದಲ್ಲಿ ಅವನು ಕಾಯುತ್ತಿದ್ದ ನೀರಿನ ಕೊನೆಯ ಬೊಗಸೆ. ರವಿ ಹೇಳುತ್ತ ಹೋದ, ಅವಳು ಕೇಳುತ್ತ ಹೋದಳು, ಒಂದೊಂದೇ ಮೆಟ್ಟಿಲು ಇಳಿದಳು. ನಡುವೆ ಯೋಧ ರಕ್ತ ಸುರಿದು ಸತ್ತ. ಯಾರೂ ತಿರುಗಿ ನೋಡಲಿಲ್ಲ. ಮಾತು ಕಡಿಮೆಯ ಅವಳ ಗಂಡ, ಮಾಂತ್ರಿಕ, “ನಾನು ದೀಪ ಹಿಡೀಲೇನು?” ಎಂದು ಕೇಳಿದ. ಅವಳು ಹಿಡಿ ಎಂದಳು.

ಒಳಗಿನಿಂದ ಅತ್ತೆಯ ದನಿ ಬಂತು: “ಜಾಗೃತಿ, ಚಾ!”

“ನನ್ನ ದಾವ ನಡದದ, ಬಾ,” ಎಂದಳು ಜಾಗೃತಿ, ತಲೆ ಎತ್ತದೆ. ಅವರಲ್ಲಿ ಅತ್ತೆಗೆ ಬಾ ಎನ್ನುತ್ತಾರೆ.

ಟೇಬಲ್ಲಿನಲ್ಲಿ ಕೆಲಸವಿಲ್ಲದೆ ಕೂತಿದ್ದವನು ಒಬ್ಬನೇ, ಸತ್ತ ಯೋಧ. ಸ್ವಲ್ಪ ಹೊತ್ತು ಕೂತಿದ್ದು ಹಿತೇಶ ಎದ್ದು ಒಳಗೆ ಹೋದ. ಅವನು ಮಾಡಿದ ಚಹಾದಲ್ಲಿ ಶುಂಠಿ ಅತಿಯಾಗಿ, ಸಕ್ಕರೆ ಮರೆತುಹೋಗಿತ್ತು. ನಾನು ಎರಡು ಕಪ್ಪು ಕುಡಿದೆ.

ಹಿಂದಿರುಗುವಾಗ ಕಾರಿನಲ್ಲಿ ಜಿಗ್ನೇಶ ಆಟ ಚೆನ್ನಾಗಿತ್ತು ಎಂದ. ಅಷ್ಟು ಪ್ರಾಮಾಣಿಕತೆ ಅವನಲ್ಲಿ ಇತ್ತು, ಅದಕ್ಕೇ ನನಗೆ ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು. ಚೆನ್ನಾಗಿದ್ದರೂ ನಡೆಯುವುದಿಲ್ಲ ಎಂದ. “ಅಂಗಡಿಗೆ ಹೋಗಿ ಪೆಟ್ಟಿಗೆ ಕೊಳ್ಳೋರು ಹಿತೇಶನಂಥವರು, ವಿಮಲಾಬೆನ್. ಭಾಭಿ ಅಂಗಡಿಗೆ ಬರೂದುಲ್ಲ. ತಾನು ಸತ್ತು ಚಾ ಮಾಡೋ ಆಟ ಯಾವನು ಕೊಳ್ತಾನ?” ಬಾಟಲಿಯ ವಿಚಾರ ಬಿಟ್ಟ, ನನ್ನ ಮರ್ಯಾದೆಗೆ. ವೈದ್ಯೆ ಇರಲಿ, ಹಳೆಯ ವಾಕ್ಯವೇ ಇರಲಿ, ಮದ್ದಿನ ಬಲ ಅರ್ಧ ಆಗಲಿ ಎಂದು ತೀರ್ಮಾನ ಕೊಟ್ಟ. ಕೋಣವನ್ನೂ ಕೊಡದೆ ಇದ್ದ ಹಗ್ಗವನ್ನೂ ಕಸಿದುಕೊಂಡ ಹಾಗೆ. ರವಿ ಹಿಂದಿನ ಸೀಟಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ. ನಾನು ವಡೋದರಾ ಮುಟ್ಟುವವರೆಗೂ ಜಗಳ ಮಾಡಿದೆ. ಪುಸ್ತಕ ಅಚ್ಚಿಗೆ ಹೋಯಿತು, ಹಳೆಯ ವಾಕ್ಯದೊಂದಿಗೆ.

ನನ್ನ ತಮ್ಮನ ಮಗಳಂಥವರು ಇಲ್ಲಿ ಕೇಳುತ್ತಾರೆ, ಹಾಗಾದರೆ ರಾಜೀನಾಮೆ ಕೊಡಲಿಲ್ಲವೇ ಎಂದು. ರಾಜೀನಾಮೆ ಕೊಟ್ಟು ಧಾರವಾಡಕ್ಕೆ ಬಂದು ಪೇಢೆ ಮಾರಬೇಕಿತ್ತೇನು? ಇದ್ದೆ. ಜಿಗ್ನೇಶ ಕೋಷ್ಟಕ ಕಟ್ಟುತ್ತ ಹೋದ, ನಾನು ವಾಕ್ಯ ತಿದ್ದುತ್ತ ಹೋದೆ.

ಅಚ್ಚಾದ ಮೊದಲ ಪೆಟ್ಟಿಗೆಗಳು ಬಂದಾಗ, ಆಡಿ ನೋಡಿದ ಮನೆಗಳಿಗೆಲ್ಲ ಒಂದೊಂದು ಕೊಡುವುದೆಂದು ಆಯಿತು. ಮಣಿನಗರಕ್ಕೆ ನಾನೂ ರವಿಯೂ ಹೋದೆವು. ನನಗೆ ಹೋಗುವ ಮನಸ್ಸಿರಲಿಲ್ಲ. ಕಳೆದ ತಿಂಗಳುಗಳಲ್ಲಿ ಆ ಮನೆಯವರು ನನ್ನ ವಾಕ್ಯ ಇಟ್ಟುಕೊಂಡೇ ಆಡುತ್ತಿದ್ದರೆಂದು ಗೊತ್ತಿತ್ತು. ಜಾಗೃತಿ ಬಾವಿಯ ತಳ ಮುಟ್ಟಿ, ಇನ್ನೊಂದು ಊರಿಗೂ ಹೋಗಿದ್ದಳಂತೆ. ಈಗ ನಾನೇ ಅದನ್ನು ಕಸಿದುಕೊಳ್ಳುವ ಪುಸ್ತಕವನ್ನು ಬಣ್ಣದ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು.

ಹಿತೇಶ ಪೆಟ್ಟಿಗೆ ಬಿಚ್ಚಿ ನೆಟ್ಟಗೆ ವೈದ್ಯೆಯ ಪುಟಕ್ಕೇ ಹೋದ. ಓದಿದ. ಅವನ ಮುಖ ದೀಪಾವಳಿಯಾಯಿತು. “ನೋಡ್ರಿ! ಛಾಪಿಸ್ಯಾರ! ಗಾಯಗೊಂಡವರು ವೈದ್ಯೆಯ ಸರದಿಯಲ್ಲಿ ಮದ್ದು ಪಡೆಯಬಹುದು. ನಾ ಮೊದಲs ಹೇಳಿದ್ನಿಲ್ಲ?” ಎಂದು ಎಲ್ಲರಿಗೂ ಕೇಳುವಂತೆ ಓದಿದ. ಅಚ್ಚಾದ ಅಕ್ಷರದ ಮುಂದೆ ಆ ಮನೆಯಲ್ಲಿ ಮಾತಿಲ್ಲ. ಜಾಗೃತಿಯ ಗಂಡ ನೆಲ ನೋಡಿದ.

ಜಾಗೃತಿ ಕೈ ಒರೆಸಿಕೊಂಡು ಬಂದು ಪುಸ್ತಕ ಈಸಿಕೊಂಡಳು. ನಿಂತೇ ಓದಿದಳು. ಎರಡು ಸಲ ಓದಿದಳು ಅನಿಸುತ್ತದೆ. ಅವಳ ಮುಖ ನೋಡಲಾರದೆ ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ಮಾಡಿದೆ.

“ಛಾಪಭೂಲ್,” ಎಂದಳು. ಅಚ್ಚಿನ ತಪ್ಪು.

“ಹೆಂಗ ಛಾಪಭೂಲ್? ಸ್ಪಷ್ಟ ಬರದದ!”

“ಬೆನ್ ಇಲ್ಲೇ ಇದ್ದಾರಲ್ಲ. ಕೇಳು.”

ಎಲ್ಲರೂ ನನ್ನ ಕಡೆ ನೋಡಿದರು. ಅವಳೂ ನೋಡಿದಳು, ಬೇಡಿಕೊಳ್ಳುವ ನೋಟವಲ್ಲ, ತನ್ನ ಸರದಿ ಮುಗಿಸಿ ನಿನ್ನದು ಎಂದು ದಾಳ ದಾಟಿಸುವವಳ ನೋಟ. ಆ ಪುಟದ ಕರಡನ್ನು ಜಿಗ್ನೇಶ ಪಕ್ಕದಲ್ಲೇ ನಿಂತು ನನ್ನಿಂದ ನೋಡಿಸಿದ್ದ. ಒಂದು ಕಾಮಾ ಕೂಡ ಅತ್ತಿತ್ತ ಆಗಿರಲಿಲ್ಲ. ನಾನು ಆ ಕಂಪನಿಯ ಅನ್ನ ತಿನ್ನುತ್ತಿದ್ದವಳು.

“ಹೌದು,” ಎಂದೆ. “ಛಾಪಭೂಲ್. ಪ್ರೆಸ್ಸಿನವರು ಹಳೇ ಪುಟ ಹಾಕಿಬಿಟ್ಟಾರ.”

ರವಿ ಒಂದು ಸಲ ಕೆಮ್ಮಿ, ಪೆನ್ನು ತೆಗೆದು, ಹಿತೇಶನ ಕಣ್ಣೆದುರೇ ಆ ವಾಕ್ಯ ಹೊಡೆದುಹಾಕಿದ. ಮೇಲೆ ಹೊಸದನ್ನು ತನ್ನ ಸೊಟ್ಟ ಗುಜರಾತಿಯಲ್ಲಿ ಬರೆದ. ಆಮೇಲೆ ಅವನು ಪೆಟ್ಟಿಗೆ ಒಪ್ಪಿಸಲು ಹೋದ ಮನೆಗಳಲ್ಲೆಲ್ಲ ಹೀಗೇ ಬರೆದನೆಂದು ಬಹಳ ತಡವಾಗಿ ನನಗೆ ಗೊತ್ತಾಯಿತು.

ಆ ದಿನವೂ ಆಡಿದರು. ಹಿತೇಶ ರೂಢಿಯಂತೆ ನುಗ್ಗಿ, ರೂಢಿಯಂತೆ ಬಿದ್ದ. ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡ. ಅಣ್ಣನ ಕಡೆ ನೋಡಿದ, ಅಣ್ಣ ದೀಪ ಹಿಡಿದುಕೊಂಡಿದ್ದ. ಕೊನೆಗೆ ಅತ್ತಿಗೆಯ ಕಡೆ ತಿರುಗಿ, ದನಿ ಇಳಿಸಿ ಕೇಳಿದ:

“ಭಾಭಿ, ದವಾ ಆಪಶೋ?” ಕೊಡ್ತೀರೇನು?

ಜಾಗೃತಿ ದಾಳವನ್ನು ಅಂಗೈಯಲ್ಲಿ ಹಿಡಿದು, ಅವನನ್ನು ಒಮ್ಮೆ ನೋಡಿದಳು.

“ವಿಚಾರ ಮಾಡ್ತೀನಿ,” ಎಂದಳು.